ಬೇಟೆನಾಯಿಗೆ ‘ಬಿಡು’ ಎನ್ನಬೇಕೇ, ‘ಹೊಳ್ಳು’ ಎನ್ನಬೇಕೇ?

ಪದಚರ್ಚೆಯ ಬಳಗಕ್ಕೆ ಕುಷ್ಟಗಿಯಿಂದ ನಮಸ್ಕಾರ.

ಕುರಿಗಾರರಿಗೂ ನಾಯಿ ಸಾಕುವವರಿಗೂ ಹಂಚಲೆಂದು ಒಂದು ಸಣ್ಣ ಕೈಪಿಡಿ ಸಿದ್ಧಪಡಿಸುತ್ತಿದ್ದೇನೆ. ಬೇಟೆಯ ತಳಿಯ ನಾಯಿ ಕುರಿ, ಆಡು, ಕರು, ಕೋಳಿಗಳ ಗೊಡವೆಗೆ ಹೋಗದಂತೆ ಕಲಿಸುವುದು ಹೇಗೆ ಎಂಬುದು ಅದರ ವಿಷಯ. ಕಲಿಸುವ ಕ್ರಮವನ್ನು ಬರೆಯುವುದು ಕಷ್ಟವಾಗಲಿಲ್ಲ. ಲೇಖನಿ ನಿಂತದ್ದು ಎರಡು ಕಡೆ. ಬೆನ್ನಟ್ಟಲು ಹೊರಟ ನಾಯಿಯನ್ನು ಯಾವ ಮಾತಿನಿಂದ ತಿರುಗಿಸಬೇಕು? ಹಾಗೆ ತಿರುಗಲು ಕಲಿತ ನಾಯಿಯನ್ನು ಏನೆಂದು ಕರೆಯಬೇಕು? ಇಂಗ್ಲಿಷಿನವರು ಅಂಥ ನಾಯಿಯನ್ನು ‘ಸ್ಟಾಕ್ ಪ್ರೂಫ್’ ಎನ್ನುತ್ತಾರೆ. ‘ಜಾನುವಾರು ನಿರೋಧಕ’ ಎಂದು ಅದನ್ನು ಕನ್ನಡಿಸಿದರೆ ಯಾವ ಕುರಿಗಾರನಿಗೂ ಏನೂ ತಿಳಿಯುವುದಿಲ್ಲ.

ಹಿನ್ನೆಲೆ ಸ್ವಲ್ಪ ಹೇಳಬೇಕು. ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ ನಮ್ಮ ಸೀಮೆಯ ಹೊಲಮನೆಗಳಿಗೆ ಹೊಸದಲ್ಲ. ಉದ್ದ ಮೂತಿ, ಆಳವಾದ ಎದೆ, ಒಳಕ್ಕೆ ಸೆಳೆದ ಹೊಟ್ಟೆ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ತಳಿ. ಮೂಗಿಗಿಂತ ಹೆಚ್ಚಾಗಿ ಕಣ್ಣನ್ನು ನಂಬಿ ಓಡುವ ನಾಯಿ ಇದು. ನಿಂತು ಮೇಯುವ ಕುರಿಯನ್ನು ಅದು ಲೆಕ್ಕಿಸದೆ ಇರಬಹುದು; ಅದೇ ಕುರಿ ಬೆದರಿ ಓಟ ಕಿತ್ತಿತೋ, ನಾಯಿಯೂ ಹೊರಟಿತೆಂದೇ ತಿಳಿಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂದು ನಾಯಿ ಬಿಟ್ಟು ಮೊಲ ಹಿಡಿಸುವುದೂ ಅಪರಾಧ. ಯುಗಾದಿಯ ಆಸುಪಾಸಿನಲ್ಲಿ ಅಲ್ಲಲ್ಲಿ ಈ ಬೇಟೆ ಇನ್ನೂ ನಡೆಯುತ್ತದೆ; ಅದು ನಿಲ್ಲಲೇಬೇಕು ಎಂಬುದು ನನ್ನ ಗಟ್ಟಿ ನಿಲುವು, ಕೈಪಿಡಿಯ ಮೊದಲ ಪುಟದಲ್ಲಿಯೇ ಅದನ್ನು ಬರೆದಿದ್ದೇನೆ. ಹಾಗಾಗಿ ಈ ನಾಯಿಗೆ ಉಳಿದ ಕೆಲಸ ಮನೆ, ಹೊಲ, ರಾಶಿ ಕಾಯುವುದು. ಕೆಲಸ ಬದಲಾಯಿತು, ರಕ್ತದಲ್ಲಿನ ಓಟ ಬದಲಾಗಲಿಲ್ಲ. ಸುಗ್ಗಿ ಮುಗಿದು ಎರೆಹೊಲಗಳಲ್ಲಿ ಜೋಳದ ಕೂಳೆ ಉಳಿದಾಗ, ಗಂಗಾವತಿ, ಸಿಂಧನೂರು, ಸಿರುಗುಪ್ಪದ ಗದ್ದೆಗಳಲ್ಲಿ ಭತ್ತದ ಕೊಯ್ಲಾದಾಗ ಕುರಿಹಿಂಡುಗಳು ಬಂದು ಇಳಿಯುತ್ತವೆ. ಅನಾಹುತ ಆಗುವುದು ಆ ದಿನಗಳಲ್ಲಿ.

ಈಗ ‘ಬಿಡು’. ನಾಯಿಯ ಸಂಗಡ ಬಂದಾಗ ಈ ಕ್ರಿಯಾಪದ ಎರಡು ದಿಕ್ಕಿಗೆ ಎಳೆಯುತ್ತದೆ. ‘ಕುರಿಯನ್ನು ಬಿಡು’ ಎಂದರೆ ಅದರ ತಂಟೆ ಬೇಡ ಎಂದು. ‘ನಾಯಿ ಬಿಡು’, ‘ಛೂ ಬಿಡು’ ಎಂದರೆ ಅಟ್ಟು ಎಂದು. ನಮಗೆ ಹಿಂದುಮುಂದಿನ ಪದಗಳು ದಾರಿ ತೋರಿಸುತ್ತವೆ, ನಾಯಿಗೆ ಕೇಳುವುದು ಸದ್ದು ಮಾತ್ರ. ಬೇಟೆಗೆ ಹೋಗಿ ಬಂದ ನಾಯಿ ‘ಬಿಡು, ಬಿಡು’ ಎಂಬ ಕೂಗನ್ನು ಕೇಳಿರುವುದೇ ಕೊರಳ ಹಗ್ಗ ಸಡಿಲವಾಗುವ ಗಳಿಗೆಯಲ್ಲಿ: ಮೊಲ ಎದ್ದೊಡನೆ ಜೊತೆಯವರು ಹಗ್ಗ ಹಿಡಿದವನಿಗೆ ಕೂಗುವ ಮಾತು ಅದು. ಅದೇ ಸದ್ದಿನಿಂದ ಮರುದಿನ ನಾಯಿಯನ್ನು ಕುರಿಯಿಂದ ದೂರ ಮಾಡಲು ಹೊರಟು, ಅದು ಕೇಳಲಿಲ್ಲವೆಂದು ಹೊಡೆಯುವುದು ಅನ್ಯಾಯ.

ಇದಕ್ಕಿಂತ ದೊಡ್ಡ ತೊಡಕು ಉಚ್ಚಾರದ್ದು. ‘ಹಿಡಿ’, ‘ಬಿಡು’ ಇವೆರಡೂ ಎರಡು ಹ್ರಸ್ವ ಅಕ್ಷರಗಳ ಪದಗಳು. ಮೊದಲ ಸ್ವರ ಎರಡರಲ್ಲೂ ‘ಇ’, ನಡುವಿನ ವ್ಯಂಜನ ಎರಡರಲ್ಲೂ ‘ಡ’ಕಾರ. ಪದಾದಿಯ ‘ಹ’ಕಾರ ಹಳ್ಳಿಯ ಬಾಯಲ್ಲಿ ಎಷ್ಟೋ ಸಲ ಉಳಿಯುವುದಿಲ್ಲ, ‘ಇಡಿ’ ಎಂದೇ ಆಗುತ್ತದೆ. ಬಯಲಿನಲ್ಲಿ ಗಾಳಿಗೆ ಎದುರಾಗಿ ಕೂಗುವಾಗ ಹಿಡಿಯಬೇಕೋ ಬಿಡಬೇಕೋ ಎಂಬ ಇಡೀ ವ್ಯತ್ಯಾಸವನ್ನು ತುದಿಯ ಒಂದು ಸ್ವರ ಹೊರಬೇಕು. ‘ತಡೆ’ ಎಂದರೂ ಪ್ರಯೋಜನವಿಲ್ಲ. ಆಡುವಾಗ ಅದು ‘ತಡಿ’ಯಾಗಿ ‘ಹಿಡಿ’ಗೆ ಪ್ರಾಸವಾಗಿಬಿಡುತ್ತದೆ. ಬಳ್ಳಾರಿಯ ಕಡೆ ತೆಲುಗು ಬಲ್ಲ ಮನೆಗಳಿಗೆ ಈ ಕಷ್ಟವಿಲ್ಲ: ‘ಪಟ್ಟು’ ಮತ್ತು ‘ವದಿಲೆಯ್’ ಎಷ್ಟು ದೂರದಿಂದ ಕೇಳಿದರೂ ಬೇರೆ ಬೇರೆಯೇ.

‘ಬೇಡ’ ಎನ್ನಬಹುದಲ್ಲ ಎಂದು ಕೆಲವರು ಸೂಚಿಸಿದರು. ಅದರ ದೀರ್ಘಸ್ವರ ನಮ್ಮ ಭಾಗದಲ್ಲಿ ಇನ್ನಷ್ಟು ಅಗಲವಾಗಿ ಹೊರಡುವುದರಿಂದ ದೂರಕ್ಕೆ ಕೇಳುತ್ತದೆ, ನಿಜ. ಆದರೆ ಬೆಳಗಿನಿಂದ ಸಂಜೆಯವರೆಗೆ ಮಕ್ಕಳಿಗೂ ದೊಡ್ಡವರಿಗೂ ‘ಬೇಡ, ಬೇಡ’ ಎನ್ನುತ್ತಲೇ ಇರುವ ಮನೆಯಲ್ಲಿ ನಾಯಿ ಆ ಪದಕ್ಕೆ ಕಿವಿಗೊಡುವುದನ್ನೇ ಮರೆಯುತ್ತದೆ. ‘ಹಚಾ’ ಎಂಬುದು ಬೀದಿನಾಯಿಯನ್ನು ಅಟ್ಟುವ ಸದ್ದು, ಅದರ ಹಿಂದೆಯೇ ಕಲ್ಲು ಬರುವುದುಂಟು. ‘ಹಚಾ’ ಕೇಳಿದ ನಾಯಿ ಅಲ್ಲಿಂದ ಓಡುತ್ತದೆ. ನಿಮ್ಮ ಬಳಿಗೆ ಬರುತ್ತದೆ ಎಂಬ ಭರವಸೆಯಿಲ್ಲ.

ನನಗೆ ಒಪ್ಪಿಗೆಯಾದದ್ದು ‘ಹೊಳ್ಳು’. ‘ಹೊಳ್ಳಿ ನೋಡಿದ’, ‘ಹೊಳ್ಳಿ ಬಂದಳು’ ಎನ್ನುವಾಗಿನ ಹೊಳ್ಳು, ಅಂದರೆ ಹಿಂದಕ್ಕೆ ತಿರುಗು. ‘ಒ’ ಸ್ವರ, ಒತ್ತಿದ ‘ಳ’ಕಾರ, ‘ಹ’ಕಾರ ಬಿದ್ದುಹೋಗಿ ‘ಒಳ್ಳು’ ಆದರೂ ‘ಹಿಡಿ’ಯ ಹತ್ತಿರಕ್ಕೂ ಸುಳಿಯುವುದಿಲ್ಲ. ಅರ್ಥದ ಅನುಕೂಲ ಇನ್ನೂ ಹೆಚ್ಚಿನದು. ‘ಬಿಡು’, ‘ಬೇಡ’ ಇವು ಮಾಡಬಾರದ್ದನ್ನು ಹೇಳುತ್ತವೆ, ‘ಹೊಳ್ಳು’ ಮಾಡಬೇಕಾದ್ದನ್ನು ಹೇಳುತ್ತದೆ. ಈ ತರಬೇತಿಯ ತಿರುಳೂ ಅದೇ. ಎದೆಪಟ್ಟಿಗೆ ಸುಮಾರು 10 ಮೀಟರಿನ ಹಗ್ಗ ಕಟ್ಟಿ, ಹಿಂಡು ಕಣ್ಣಿಗೆ ಬೀಳುವಷ್ಟು ದೂರದಲ್ಲಿ ನಿಲ್ಲಬೇಕು. ಕೊರಳಿಗೆ ಕಟ್ಟಬಾರದು, ಓಡುವ ನಾಯಿಯನ್ನು ಉದ್ದ ಹಗ್ಗ ಜಗ್ಗಿದರೆ ಕುತ್ತಿಗೆಗೆ ಪೆಟ್ಟಾಗುತ್ತದೆ. ಕೈಯಲ್ಲಿನ ಮಾಂಸದ ತುಣುಕನ್ನು ನಾಯಿ ತಿನ್ನುತ್ತಿದೆಯೇ ನೋಡಬೇಕು. ತಿನ್ನದೆ ಕುರಿಯನ್ನೇ ದಿಟ್ಟಿಸುತ್ತಿದ್ದರೆ ನಾವು ಹತ್ತಿರವಾದೆವು ಎಂದು ಅರ್ಥ, ಹಿಂದೆ ಸರಿಯಬೇಕು. ಕುರಿಯನ್ನು ನೋಡಿ, ‘ಹೊಳ್ಳು’ ಕೇಳಿ, ನಮ್ಮತ್ತ ತಿರುಗಿದರೆ ತಿನಿಸು. ಮಧ್ಯಾಹ್ನ ನೆರಳಿನಲ್ಲಿ ಮೆಲುಕು ಹಾಕುವ ಹಿಂಡಿನಿಂದ ಶುರು ಮಾಡಿ, ಆಮೇಲೆ ನಡೆಯುವ ಹಿಂಡು, ಕಟ್ಟಕಡೆಗೆ ಓಡುವ ಹಿಂಡು. ನಡುವೆ ಒಮ್ಮೆಯೂ ಹಗ್ಗ ತಪ್ಪಿಸಿಕೊಂಡು ಬೆನ್ನಟ್ಟಗೊಡಬಾರದು. ಬೇಟೆಯ ತಳಿಗೆ ಬೆನ್ನಟ್ಟುವುದೇ ಬಹುಮಾನ, ಹಿಡಿದರೂ ಸರಿ, ಹಿಡಿಯದಿದ್ದರೂ ಸರಿ.

ಹಿಡಿಯುವ ನಾಯಿಯನ್ನು ಹೊಗಳುವುದು ಕನ್ನಡಕ್ಕೆ ಸಾವಿರ ವರ್ಷಕ್ಕೂ ಹಳೆಯ ರೂಢಿ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ನೆನೆಯಿರಿ. 949ರ ತಕ್ಕೋಲದ ಕಾಳಗದಲ್ಲಿ ಮೆಚ್ಚಿಸಿದ ವೀರ ಮಣಲೇರ, ತನ್ನ ಒಡೆಯ ಗಂಗರ ಇಮ್ಮಡಿ ಬೂತುಗನಿಂದ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಟ್ಟರು, ಅದರ ಮೇಲೆ ನಾಯಿ–ಹಂದಿಯ ಕಾಳಗವನ್ನೂ ಕಡೆದರು. ಕುರಿಹಿಂಡಿನ ನಡುವೆ ಸುಮ್ಮನೆ ನಡೆದುಹೋದ ನಾಯಿಗೆ ಯಾರೂ ಕಲ್ಲು ನೆಡುವುದಿಲ್ಲ. ಅದಕ್ಕೊಂದು ಒಳ್ಳೆಯ ಹೆಸರನ್ನಾದರೂ ನಾವು ಕೊಡಬೇಕೆಂದು ನನ್ನ ಆಸೆ.

‘ಪಳಗಿದ ನಾಯಿ’ ಎನ್ನೋಣವೆಂದರೆ, ‘ಪಳಗಿದ ಬೇಟೆನಾಯಿ’ ಎಂದೊಡನೆ ಕೇಳಿದವರ ಮನಸ್ಸಿಗೆ ಬರುವುದು ಬೇಟೆಯಲ್ಲಿ ನುರಿತ ನಾಯಿ, ಪಳಗಿದ ಕೈ ಎಂದಂತೆ. ‘ಕುರಿ ರೂಢಿಯಾದ ನಾಯಿ’ ಎಂದರೆ ಕುರಿ ತಿನ್ನುವ ರೂಢಿಯೋ ಕುರಿಯ ಜೊತೆ ಇರುವ ರೂಢಿಯೋ ತಿಳಿಯದು. ‘ತುಡುಗು’ ಎಂಬ ನಮ್ಮ ಮಾತು ಚೆಂದವಿದೆ: ಕಂಡವರ ಹೊಲಕ್ಕೆ ನುಗ್ಗಿ ಮೇಯುವುದು ತುಡುಗು ದನ, ವಚನಗಳಲ್ಲಿ ನಾಯಿಗೆ ‘ತುಡುಗುಣಿ’ ಎಂಬ ವಿಶೇಷಣವೂ ಬರುತ್ತದೆ. ಆದರೆ ‘ತುಡುಗು ಬಿಟ್ಟ ನಾಯಿ’ ಎಂದರೆ ಕದ್ದು ತಿನ್ನುವುದನ್ನು ಬಿಟ್ಟದ್ದು ಎಂದಾಗುತ್ತದೆ. ಕುರಿಯ ಹಿಂದೆ ಓಡುವ ನಾಯಿ ಎಷ್ಟೋ ಸಲ ಹಸಿದಿರುವುದೇ ಇಲ್ಲ.

‘ಕುರಿ ಮುಟ್ಟದ ನಾಯಿ’ಯೂ ಸಾಲದು. ಹಲ್ಲು ತಾಗದಿದ್ದರೂ ಕೇಡು ತಪ್ಪುವುದಿಲ್ಲ. ಗಬ್ಬದ ಕುರಿಗಳನ್ನು ಓಡಿಸಾಡಿದರೆ ಕಂದು ಹಾಕುತ್ತವೆ, ಮರಿಗಳು ತುಳಿತಕ್ಕೆ ಸಿಗುತ್ತವೆ. ‘ಮುಟ್ಟಲಿಲ್ಲವಲ್ಲ’ ಎಂದು ನಾಯಿಯ ಒಡೆಯ ವಾದಿಸುವುದಕ್ಕೆ ನಮ್ಮ ಪದವೇ ಎಡೆಮಾಡಿಕೊಡಬಾರದು.

‘ಅಂಜಿಸಿದ ನಾಯಿ’ ಎನ್ನುವ ಬಗೆ ನನಗೆ ಸ್ವಲ್ಪವೂ ಬೇಡ. ಟಗರಿನ ಜೊತೆ ಕೂಡಿಹಾಕಿ ಗುದ್ದಿಸುವುದು, ಸತ್ತ ಕೋಳಿಯನ್ನು ಕೊರಳಿಗೆ ಕಟ್ಟುವುದು, ವಿದ್ಯುತ್ ಪಟ್ಟಿಯಿಂದ ಶಾಕ್ ಕೊಡುವುದು, ಇವೆಲ್ಲ ಅಂಜಿಸುವ ವಿದ್ಯೆಗಳು. ಅಂಜಿದ ನಾಯಿ ಒಡೆಯನ ಎದುರು ಮಾತ್ರ ತಲೆ ತಗ್ಗಿಸಿ, ಅವನಿಲ್ಲದಾಗ ಓಡುತ್ತದೆ. ಕುರಿ ಕಂಡಾಗಲೆಲ್ಲ ನೋವಾದರೆ ಕುರಿಯ ಮೇಲೆಯೇ ಸಿಟ್ಟಾಗಿ ಎರಗುವ ಅಪಾಯವೂ ಇದೆ.

ಹೀಗೆ ಒಂದೊಂದನ್ನೇ ಬದಿಗಿಟ್ಟು ‘ಒಗ್ಗು’ ಎಂಬಲ್ಲಿಗೆ ಬಂದಿದ್ದೇನೆ. ಈ ಊರ ನೀರು ಒಗ್ಗಿತು, ಹವೆ ಒಗ್ಗಿತು ಎನ್ನುತ್ತೇವೆ. ಹೊಡೆತದಿಂದ ಯಾವುದೂ ಒಗ್ಗುವುದಿಲ್ಲ, ಕಾಲಕ್ರಮದಲ್ಲಿ ಒಗ್ಗುತ್ತದೆ. ‘ಕುರಿಗೆ ಒಗ್ಗಿದ ನಾಯಿ’, ‘ಒಗ್ಗಿಸುವ ಕ್ರಮ’. ನಾಯಿಮರಿಗೆ ಸುಮಾರು 3 ವಾರ ತುಂಬಿದಾಗಿನಿಂದ 12–14 ವಾರದವರೆಗಿನ ಕಾಲ ಇದಕ್ಕೆ ಹೇಳಿ ಮಾಡಿಸಿದ್ದು. ಆಗ ನಮ್ಮ ಕಣ್ಣೆದುರಿನಲ್ಲಿ ಹಿಂಡಿನ ವಾಸನೆ, ಸದ್ದು, ಓಡಾಟ ಪರಿಚಯವಾದರೆ ಮುಂದಿನ ಕೆಲಸ ಅರ್ಧ ಹಗುರ. ಆ ಅವಧಿಗೆ ‘ಕುನ್ನಿಗಾಲ’ ಎಂದು ಬರೆದಿದ್ದೇನೆ. ಕುನ್ನಿ ಹಳಗನ್ನಡದ್ದೂ ಹೌದು, ನಮ್ಮ ಓಣಿಯದ್ದೂ ಹೌದು.

ಇನ್ನು ‘ಜಾನುವಾರು’. ಪಾರಸಿಯಿಂದ ಉರ್ದುವಿನ ಮೂಲಕ ಬಂದ ಈ ಪದ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು, ಕೊಪ್ಪಳದವರಿಗೆ ಹೊಸದೇನಲ್ಲ, ಸರ್ಕಾರಿ ಕಾಗದಗಳಲ್ಲಂತೂ ಎಲ್ಲೆಲ್ಲೂ ಅದೇ. ಆದರೂ ಮನೆಯಲ್ಲಿ ಆಡುವ ಮಾತು ದನಕರು, ಕುರಿ, ಆಡು, ಕೋಳಿ ಎಂದು ಬಿಡಿಬಿಡಿಯಾಗಿಯೇ. ಎಲ್ಲವನ್ನೂ ಒಂದೇ ಪದದಲ್ಲಿ ಹಿಡಿದಿಡುವ ಇಂಗ್ಲಿಷಿಗಿಂತ ಇದೇ ಈ ಕೆಲಸಕ್ಕೆ ಸರಿಹೊಂದುತ್ತದೆ. ಕುರಿಗೆ ಒಗ್ಗಿದ ನಾಯಿ ಕೋಳಿಗೆ ಒಗ್ಗಿರುವುದಿಲ್ಲ. ಒಂದೊಂದನ್ನೂ ಬೇರೆಯಾಗಿ ಕಲಿಸಬೇಕು. ಮನೆಯ ಕೆಂಗುರಿ ಹಿಂಡಿನ ನಡುವೆ ಮಲಗುವ ನಾಯಿಯೇ ದಾರಿಯಲ್ಲಿ ಹೋಗುವ ಪರಹಿಂಡಿನ ಮೇಲೆ ಬೀಳಬಹುದು. ಆದ್ದರಿಂದ ಕೈಪಿಡಿಯಲ್ಲಿ ‘ಜಾನುವಾರಿಗೆ ಒಗ್ಗಿದ’ ಎಂದು ಎಲ್ಲಿಯೂ ಬರೆಯದೆ, ಯಾವುದಕ್ಕೆ ಎಂದು ಹೆಸರಿಸಿಯೇ ಬರೆಯುತ್ತಿದ್ದೇನೆ.

ಕ್ರಿಯಾಪದಗಳಲ್ಲಿ ಇನ್ನೊಂದು ಬೇಕಾದ ಭೇದ: ತೋಳ ‘ಹಿಡಿಯಿತು’, ನಾಯಿ ‘ಕಡಿಯಿತು’. ತೋಳ ಗಂಟಲಿಗೆ ಬಾಯಿ ಹಾಕಿ ಕೊಂದು ತಿನ್ನುತ್ತದೆ. ನಾಯಿಗಳು ಹಿಂಗಾಲು, ತೊಡೆ, ಕಿವಿ ಎಂದು ಸಿಕ್ಕಲ್ಲಿ ಕಡಿದು, ಹಲವು ಕುರಿಗಳನ್ನು ಗಾಯಗೊಳಿಸಿ, ತಿನ್ನದೆ ಹೋಗುವುದೇ ಹೆಚ್ಚು. ಗಂಗಾವತಿ ಸೀಮೆಯಲ್ಲಿ ತೋಳಗಳು ಇನ್ನೂ ಇವೆ, ನಾಯಿ ಮಾಡಿದ್ದನ್ನು ಅವುಗಳ ತಲೆಗೆ ಕಟ್ಟಬಾರದು. ವರದಿ ಬರೆಯುವವರು ‘ಹಿಡಿ’, ‘ಕಡಿ’ ಎರಡನ್ನೂ ಕಲಸದಿದ್ದರೆ ಒಳ್ಳೆಯದು.

ಸಣ್ಣ ಪದಗಳು: ಉದ್ದ ಹಗ್ಗಕ್ಕೆ ‘ತರುಬು ಹಗ್ಗ’ ಎಂದಿದ್ದೇನೆ, ಹೊಲದಲ್ಲಿ ಕುರಿ ತರುಬುವುದು ಎಲ್ಲರಿಗೂ ಗೊತ್ತಿರುವುದರಿಂದ ತಡೆದು ನಿಲ್ಲಿಸುವ ಅರ್ಥ ತಾನಾಗಿ ಬರುತ್ತದೆ. ಬಾಯಿಗೆ ಹಾಕುವುದಕ್ಕೆ ಎತ್ತಿನ ‘ಕುಕ್ಕೆ’ಯನ್ನೇ ಎತ್ತಿಕೊಂಡಿದ್ದೇನೆ. ಬುಟ್ಟಿಯಂತೆ ಸಡಿಲವಾಗಿರಬೇಕು ಎಂಬುದು ಆ ಪದದಲ್ಲಿಯೇ ಇದೆ. ಬಾಯಿಯನ್ನು ಬಿಗಿದು ಕಟ್ಟಿದರೆ ನಾಯಿ ನಾಲಗೆ ಚಾಚಿ ಏದುಸಿರು ಬಿಡಲಾಗದು, ರಾಯಚೂರಿನ ಬೇಸಿಗೆಯಲ್ಲಿ ಅದು ಜೀವಕ್ಕೇ ಮುಳುವು. ಒಮ್ಮೆ ಕುರಿ ಕೊಂದ ದೊಡ್ಡ ನಾಯಿಗೆ ಕುಕ್ಕೆಯೂ ಹಗ್ಗವೂ ಕೊನೆಯವರೆಗೆ ಬೇಕೆಂದೇ ಬರೆದಿದ್ದೇನೆ.

ಬಲ್ಲವರಲ್ಲಿ ನನ್ನ ಕೇಳಿಕೆ ಇಷ್ಟು. ಬಳ್ಳಾರಿ, ಕಂಪ್ಲಿ, ಸಿರುಗುಪ್ಪದ ಕಡೆ ‘ಹೊಳ್ಳು’ ಮನೆಮಾತಿನಲ್ಲಿ ಉಳಿದಿದೆಯೇ? ಇಲ್ಲವಾದರೆ ಓಡುವ ನಾಯಿಯನ್ನು ನೀವು ಏನೆಂದು ಕರೆದು ತಿರುಗಿಸುತ್ತೀರಿ? ಲಿಂಗಸುಗೂರು, ದೇವದುರ್ಗದ ಕುರಿಹಟ್ಟಿಗಳಲ್ಲಿ ಹಿಂಡಿನೊಳಗೇ ಬೆಳೆದ ನಾಯಿಗೆ ಬೇರೆ ಹೆಸರಿದ್ದರೆ ನನ್ನ ‘ಒಗ್ಗಿದ’ವನ್ನು ಬಿಟ್ಟು ಅದನ್ನೇ ಬಳಸುತ್ತೇನೆ. ದಯವಿಟ್ಟು ಬಾಯಲ್ಲಿ ಹೇಗೆ ಹೊರಡುತ್ತದೋ ಹಾಗೆಯೇ ಬರೆದು, ಜೊತೆಗೆ ತಾಲ್ಲೂಕಿನ ಹೆಸರನ್ನು ಸೇರಿಸಿ ಕಳಿಸಿ.