ಮಂಗಳೂರಿನ ಕಾಂಪ್ಲೆಕ್ಸ್ ಟೆರೇಸಿಗೆ ಪಿವಿಸಿ ಮೆಂಬ್ರೇನ್: ಹಳೇ ಟಾರ್ ಶೀಟ್ ಮೇಲೇ ಹಾಕಬಹುದಾ?

ಕದ್ರಿ_ಕಟ್ಟಡ
ನಮಸ್ಕಾರ. ಮಂಗಳೂರಲ್ಲಿ ನಮ್ಮದೊಂದು ಮೂರು ಮಹಡಿಯ ಕಾಂಪ್ಲೆಕ್ಸ್ ಇದೆ, ಟೆರೇಸು ಸುಮಾರು 6,000 ಚದರಡಿ. ಒಂಬತ್ತು ವರ್ಷದ ಹಿಂದೆ ಟಾರ್ ಶೀಟ್ ಹಾಕಿಸಿದ್ದೆವು, ಗ್ಯಾಸ್ ಬೆಂಕಿಯಲ್ಲಿ ಬಿಸಿ ಮಾಡಿ ಅಂಟಿಸ್ತಾರಲ್ಲ, ಅದೇ. ಈಗ ಅಲ್ಲಲ್ಲಿ ಉಬ್ಬಿದೆ, ಬಿರುಕು ಬಿಟ್ಟಿದೆ. ಕಳೆದ ಜುಲೈ ಪೂರ್ತಿ ಮೇಲಿನ ಬಟ್ಟೆ ಅಂಗಡಿಯವರು ಸೀರೆ ರ‍್ಯಾಕಿನ ಪಕ್ಕ ಬಕೆಟ್ ಇಟ್ಟುಕೊಂಡೇ ವ್ಯಾಪಾರ ಮಾಡಿದರು, ನೋಡೋಕಾಗಲಿಲ್ಲ.

ಒಬ್ಬ ಕಾಂಟ್ರಾಕ್ಟರ್ 1.2 ಎಂಎಂ ಬಿಳಿ ಪಿವಿಸಿ ಶೀಟನ್ನು (ಮೆಂಬ್ರೇನ್ ಅಂತಾರಲ್ಲ, ಅದೇ) ಹಳೇದರ ಮೇಲೆ ನೇರವಾಗಿ ಹಾಸ್ತೀನಿ, ಒಂದು ವಾರದ ಕೆಲಸ ಅಂತಾನೆ. ಇನ್ನೊಬ್ಬ 1.5 ಎಂಎಂ ಹಾಕಬೇಕು, ಹಳೇದನ್ನು ಕೀಳಲೇಬೇಕು ಅಂತಾನೆ, ರೇಟೂ ಜಾಸ್ತಿ. ಟೆರೇಸಲ್ಲಿ ಹೋಟೆಲ್ ಅಡುಗೆಮನೆಯ ಎಕ್ಸಾಸ್ಟ್ ಇದೆ, ಎಸಿ ಯೂನಿಟ್ 14 ಇವೆ. ಯಾರ ಮಾತು ಕೇಳಲಿ?

ಸೈಟ್_ಮನುಷ್ಯ
ಸರ್, ನೇರವಾಗಿ ಮಾತ್ರ ಹಾಸಿಸಬೇಡಿ. ಪಿವಿಸಿ ಶೀಟು ಮೆತ್ತಗಿರೋದೇ ಅದರೊಳಗೆ ಬೆರೆಸಿರೋ ಪ್ಲಾಸ್ಟಿಸೈಸರಿಂದ. ಟಾರ್ ತಾಗಿಕೊಂಡಿದ್ದರೆ ಅದು ಮೆಲ್ಲಗೆ ಟಾರಿಗೆ ಇಳಿದುಹೋಗುತ್ತದೆ, ಶೀಟು ಗಡುಸಾಗಿ ಕುಗ್ಗಿ ಒಡೆಯುತ್ತದೆ. ಥರ್ಮೋಕೋಲ್ ತಾಗಿದರೂ ಇದೇ ಕತೆ. ಹಳೇದು ಗಟ್ಟಿಯಾಗಿದ್ದು ಒಣಗಿದ್ದರೆ ನಡುವೆ ದಪ್ಪ ಜಿಯೋಟೆಕ್ಸ್‌ಟೈಲ್, ಅಂದ್ರೆ ಕಂಬಳಿ ಥರದ ಸಿಂಥೆಟಿಕ್ ಬಟ್ಟೆ, ಹಾಸಿ ಮಾಡ್ತಾರೆ. ನಿಮ್ಮದು ಉಬ್ಬಿದೆ ಅಂದ್ರೆ ಅಡಿಯಲ್ಲಿ ನೀರಿದೆ ಅಂತ ಅರ್ಥ, ಕೀಳಿಸಿಬಿಡಿ.

1.5 ಎಂಎಂ ತಗೊಳ್ಳಿ, ಒಳಗೆ ಪಾಲಿಯೆಸ್ಟರ್ ಬಲೆ ಇರೋದು. ಎಸಿ ರಿಪೇರಿಯವರು ಸದಾ ಓಡಾಡೋ ದಾರಿಗೆ ಮೇಲೊಂದು ಪಟ್ಟಿ ಬೇರೆ ಹಾಕಿಸಿ.

ಆದ್ರೆ ಸೋರೋದು ಹೆಚ್ಚಾಗಿ ಶೀಟಿನ ನಡುವೆ ಅಲ್ಲ, ಜಾಯಿಂಟಲ್ಲಿ, ಮೂಲೆಯಲ್ಲಿ, ಪೈಪಿನ ಬುಡದಲ್ಲಿ. ಜಾಯಿಂಟನ್ನು ಬಿಸಿಗಾಳಿ ಮೆಷಿನಿನಿಂದ ಕರಗಿಸಿ ಬೆಸೀತಾರೆ. ದಿನಾ ಬೆಳಗ್ಗೆ ಕೆಲಸ ಶುರು ಮಾಡೋ ಮುಂಚೆ ಎರಡು ತುಂಡು ಬೆಸೆದು ತೋರಿಸು ಅನ್ನಿ. ತಣ್ಣಗಾದ ಮೇಲೆ ಎಳೆದು ನೋಡಿ: ಶೀಟೇ ಹರಿದು ಒಳಗಿನ ಬಲೆ ಕಂಡ್ರೆ ಬೆಸುಗೆ ಸರಿ. ಸ್ಟಿಕರ್ ಥರ ಬಿಟ್ಟುಕೊಂಡ್ರೆ ಮೆಷಿನಿನ ಬಿಸಿ ಇಲ್ಲವೇ ವೇಗ ಸರಿಯಿಲ್ಲ. ಸಂಜೆ ಮೊಂಡು ಸ್ಕ್ರೂಡ್ರೈವರ್ ತುದಿಯನ್ನು ಜಾಯಿಂಟ್ ಉದ್ದಕ್ಕೂ ಎಳೀರಿ, ಎಲ್ಲಾದ್ರೂ ಒಳಗೆ ನುಗ್ಗಿದ್ರೆ ಅಲ್ಲೇ ಚಾಕ್‌ಪೀಸಲ್ಲಿ ಗುರುತು ಹಾಕಿ.

ಉಡುಪಿ_ಹೋಟೆಲ್
ನಮ್ಮ ಕಡೆ ಎಲ್ಲರೂ ಮೇಲೆ ಕಬ್ಬಿಣದ ಟ್ರಸ್ ಹಾಕಿ ತಗಡಿನ ಶೀಟ್ ಹೊದಿಸ್ತಾರೆ, ನಾನೂ ಅದನ್ನೇ ಹೇಳೋಣ ಅಂತಿದ್ದೆ. ಆದ್ರೆ ಎಕ್ಸಾಸ್ಟು, 14 ಎಸಿ ಯೂನಿಟು ಇರೋವಾಗ ಕಷ್ಟ, ಬಿಸಿಗಾಳಿ ಅಡಿಯಲ್ಲೇ ಸುತ್ತುತ್ತದೆ.

ಜಿಡ್ಡಿನ ವಿಷಯಕ್ಕೆ ಪಿವಿಸಿ ಒಳ್ಳೇದೇ. ಟೆರೇಸಿಗೆ ಹಾಕೋ ಇನ್ನೊಂದು ಬಗೆ, ಇಪಿಡಿಎಂ ಅನ್ನೋ ರಬ್ಬರ್ ಶೀಟಿಗೆ ಅಡುಗೆ ಎಣ್ಣೆ ಆಗಿಬರಲ್ಲ, ಉಬ್ಬುತ್ತದೆ. ಹಾಗಂತ ಎಣ್ಣೆ ತೊಟ್ಟಿಕ್ಕೋದನ್ನು ಸುಮ್ನೆ ಬಿಡಬೇಡಿ, ಎಕ್ಸಾಸ್ಟ್ ಬುಡಕ್ಕೆ ಟ್ರೇ ಇಡಿಸಿ.

ಕದ್ರಿ_ಕಟ್ಟಡ
ತುಂಬಾ ಉಪಕಾರ ಆಯ್ತು. ಇವತ್ತು ಎರಡನೆಯವನಿಂದ ಬೆಸೆದ ತುಂಡು ತರಿಸಿ ಇಕ್ಕಳದಲ್ಲಿ ಎಳೆದೆ. ನಡುವೆ ಬಲೆ ಕಂಡಿತು, ಒಂದು ತುದಿಯಲ್ಲಿ ಎರಡು ಬೆರಳಗಲ ಸಲೀಸಾಗಿ ಬಿಟ್ಟುಕೊಂಡಿತು. ತೋರಿಸಿದಾಗ ಒಪ್ಪಿಕೊಂಡ, ಮೆಷಿನ್ ಸರಿಮಾಡಿಕೊಂಡು ನಾಳೆ ಮತ್ತೆ ತರ್ತೀನಿ ಅಂದ. ಇನ್ನೊಂದು ಕೇಳಬೇಕಿತ್ತು, ಮುಂದಿನ ವರ್ಷ ಸೋಲಾರ್ ಹಾಕಿಸೋ ಯೋಚನೆ ಇದೆ. ಆಮೇಲೆ ತೂತು ಹೊಡೆದರೆ ತೊಂದರೆ ಅಲ್ವಾ?

ಸೈಟ್_ಮನುಷ್ಯ
ತೊಂದರೆನೇ. ಸ್ಟ್ಯಾಂಡ್ ನಿಲ್ಲೋ ಕಡೆ ಕಾಂಕ್ರೀಟ್ ಕಟ್ಟೆಗಳನ್ನು ಈಗಲೇ ಕಟ್ಟಿಸಿ, ಶೀಟನ್ನು ಅವಕ್ಕೂ ಹತ್ತಿಸಿ ಬೆಸೆಯಲಿ. ಪ್ಯಾರಾಪೆಟ್ ಗೋಡೆಗೂ ಕನಿಷ್ಠ 150 ಎಂಎಂ ಮೇಲೆ ಹತ್ತಿಸಿ ಅಲ್ಯುಮಿನಿಯಂ ಪಟ್ಟಿ ಬಡಿಸಿ. ಎಲ್ಲ ಮುಗಿದ ಮೇಲೆ ಡ್ರೈನ್ ಬಾಯಿ ಕಟ್ಟಿ ಎರಡು ದಿನ ನೀರು ನಿಲ್ಲಿಸಿ ನೋಡಿ, ಆಮೇಲೇ ಕೊನೇ ಕಂತಿನ ದುಡ್ಡು ಕೊಡಿ. ಏಪ್ರಿಲ್ ಒಳಗೆ ಮುಗಿಸಿ ಸರ್, ಮೇ ತಿಂಗಳ ಸಂಜೆ ಮಳೆ ಶುರುವಾದ್ರೆ ಕಾಂಕ್ರೀಟ್ ಒಣಗೋದೇ ಇಲ್ಲ.