ವರ್ಕ್‌ಶೀಟ್ ತುಂಬುತ್ತಾರೆ, ಆದರೆ ಬಾಯಿ ಬಿಡುವುದಿಲ್ಲ. ಆನ್‌ಲೈನ್ ಇಂಗ್ಲಿಷ್ ಪಾಠಕ್ಕೆ ಏನು ಮಾಡಲಿ?

ಸಂಜೆ ಟೀಚರ್:
ಎಲ್ಲರಿಗೂ ನಮಸ್ಕಾರ. 8 ತಿಂಗಳಿಂದ ಸಂಜೆ ಹೊತ್ತು ವಿಡಿಯೋ ಕಾಲ್‌ನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. 6 ಜನ ಇದ್ದಾರೆ. ಐವರು ಕೆಲಸಕ್ಕೆ ಹೋಗುವವರು. ಅವರಲ್ಲಿ ಒಬ್ಬ ತಾಯಿಯ ಮಗಳೂ ಬೇರೆ ಫೋನಿನಿಂದ ಸೇರುತ್ತಾಳೆ, ಅವಳಿಗೆ 11 ವರ್ಷ.

ವರ್ಕ್‌ಶೀಟ್ ಕೊಟ್ಟರೆ ಎಲ್ಲರೂ ಚೆನ್ನಾಗಿ ತುಂಬುತ್ತಾರೆ. 'ಷಿ ಗೋಸ್', 'ದೇ ಗೋ' ಎಲ್ಲ ಸರಿ ಇರುತ್ತದೆ. ಆದರೆ ನಿನ್ನೆ ಏನು ಮಾಡಿದಿರಿ ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಒಬ್ಬರೂ ಉಸಿರೆತ್ತುವುದಿಲ್ಲ. ಆ ಮೌನ ತಡೆಯಲಾಗದೆ ನಾನೇ ಉತ್ತರ ಹೇಳಿಬಿಡುತ್ತೇನೆ. ಕಳೆದ ವಾರ ಒಂದು ತರಗತಿಯ ರೆಕಾರ್ಡಿಂಗ್ ಹಾಕಿಕೊಂಡು ಕೇಳಿದೆ. 40 ನಿಮಿಷದಲ್ಲಿ 30 ನಿಮಿಷ ನನ್ನ ದನಿಯೇ. ತುಂಬ ಬೇಜಾರಾಯಿತು.

ಬ್ರಿಟಿಷ್ ಕೌನ್ಸಿಲ್, ಬಿಬಿಸಿ ಅಂತ ಸುಮಾರು 60 ಬುಕ್‌ಮಾರ್ಕ್ ಇಟ್ಟುಕೊಂಡಿದ್ದೇನೆ. ದಿನಾ ಹೊಸದೊಂದು ತರುತ್ತೇನೆ. ಯಾವುದನ್ನು ಇಟ್ಟುಕೊಳ್ಳಲಿ? ಇವರನ್ನು ಮಾತಾಡಿಸುವುದು ಹೇಗೆ? ಮಧ್ಯೆ ಕನ್ನಡ ಬಳಸಿದರೆ ತಪ್ಪಾ?

ಹಳೇ ಮೇಷ್ಟ್ರು:
ಟೀಚರ್, ನಿಮ್ಮ ಪಾಠವನ್ನು ನೀವೇ ಕೇಳಿಸಿಕೊಂಡಿರಲ್ಲ, ಅದು ದೊಡ್ಡ ವಿಷಯ. 18 ವರ್ಷ ಪಾಠ ಮಾಡಿದ ಮೇಲೂ ನನಗೆ ಅದು ಕಷ್ಟ.

ಮೊದಲು ದಿನಾ ಹೊಸದು ತರುವುದನ್ನು ನಿಲ್ಲಿಸಿ. ವಾರಕ್ಕೆ ಒಂದೇ ಆಡಿಯೋ ಸಾಕು. ಬಿಬಿಸಿಯ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಒಳ್ಳೆಯದೇ, ಆದರೆ ಅದು ಸ್ವಲ್ಪ ಮುಂದಿರುವವರಿಗೆ. ಬ್ರಿಟಿಷ್ ಕೌನ್ಸಿಲಿನ ಲರ್ನ್‌ಇಂಗ್ಲಿಷ್‌ನಲ್ಲಿ ಕೇಳುವ ಪಾಠಗಳು ಎ1, ಎ2, ಬಿ1 ಅಂತ ಸುಲಭದಿಂದ ಕಷ್ಟಕ್ಕೆ, ಮಟ್ಟದ ಪ್ರಕಾರ ಇವೆ. ಜೊತೆಗೆ ಬರೆದ ರೂಪವೂ ಸಿಗುತ್ತದೆ. ಎ2ನಲ್ಲಿ ಒಂದು ಆರಿಸಿ.

ಮೊದಲ ದಿನ ಬರೆದದ್ದನ್ನು ತೋರಿಸದೆ ಎರಡು ಸಲ ಕೇಳಿಸಿ. ಕಿವಿಗೆ ಬಿದ್ದ ಪದಗಳನ್ನು ಚಾಟ್‌ನಲ್ಲಿ ಹಾಕಲಿ, ಅಷ್ಟೇ. ಮರುದಿನ ಅದರಲ್ಲೇ ನಾಲ್ಕೈದು ವಾಕ್ಯವನ್ನು ಮಾಮೂಲಿ ವೇಗದಲ್ಲಿ ಎರಡು ಸಲ ಓದಿ. ಅವರು ಮುಖ್ಯ ಪದ ಗುರುತು ಹಾಕಿಕೊಳ್ಳಬೇಕು. ಆಮೇಲೆ ಇಬ್ಬಿಬ್ಬರನ್ನು ಅದೇ ಕಾಲ್‌ನಲ್ಲಿ ಅವರಿಬ್ಬರೇ ಮಾತಾಡಬಹುದಾದ ಬ್ರೇಕ್‌ಔಟ್ ರೂಮಿಗೆ ಕಳಿಸಿ, ಆ ವಾಕ್ಯಗಳನ್ನು ಮತ್ತೆ ಕಟ್ಟಲು ಹೇಳಿ. ಇದಕ್ಕೆ ಡಿಕ್ಟೋಗ್ಲಾಸ್ ಅನ್ನುತ್ತಾರೆ. ಅಲ್ಲಿ 'ಎ ಮ್ಯಾನ್' ಇತ್ತೋ 'ದ ಮ್ಯಾನ್' ಇತ್ತೋ ಅಂತ ಚರ್ಚೆ ಶುರುವಾಗುತ್ತದೆ. ಕನ್ನಡದಲ್ಲಿ ಇಂಥ ಪದಗಳೇ ಇಲ್ಲವಲ್ಲ, ನಾವು ಎಷ್ಟು ನಿಯಮ ಹೇಳಿದರೂ ತಲೆಯಲ್ಲಿ ನಿಲ್ಲುವುದಿಲ್ಲ. ತಾವೇ ವಾದ ಮಾಡಿ ಕಂಡುಕೊಂಡದ್ದು ನಿಲ್ಲುತ್ತದೆ.

ವಾರದ ಕೊನೆಗೆ ಒಬ್ಬೊಬ್ಬರೂ ಒಂದೇ ವಿಷಯವನ್ನು ಮೂರು ಬೇರೆ ಬೇರೆ ಜನರಿಗೆ ಹೇಳಲಿ. ಮೊದಲು 4 ನಿಮಿಷ, ಆಮೇಲೆ 3, ಕೊನೆಗೆ 2. ಹೊಸಬರಿಗೆ 4 ನಿಮಿಷ ಜಾಸ್ತಿ ಆಗುತ್ತದೆ, ಅದಕ್ಕೆ ನಾನು 2, ಒಂದೂವರೆ, 1 ಅಂತ ಮಾಡುತ್ತೇನೆ. ನಿಮ್ಮಲ್ಲಿ 6 ಜನ ಇದ್ದಾರೆ, ಮೂರು ಜೋಡಿ, ಲೆಕ್ಕ ಸರಿಹೋಗುತ್ತದೆ. ಮಾತಿನ ಮಧ್ಯೆ ದಯವಿಟ್ಟು ತಿದ್ದಬೇಡಿ. ನನ್ನ ಹತ್ತಿರ ಲಿಫ್ಟ್ ರಿಪೇರಿ ಮಾಡುವವರೊಬ್ಬರು ಬರುತ್ತಿದ್ದರು. ಲಿಫ್ಟ್ ನಡುವೆ ನಿಂತುಹೋದರೆ ಏನು ಮಾಡುತ್ತೇನೆ ಅನ್ನುವುದು ಅವರ ವಿಷಯ. ಮೊದಲ ಸಲ ಪದಪದಕ್ಕೂ ತಡವರಿಸಿದರು. ಮೂರನೇ ಸಲ ಎಲ್ಲೂ ನಿಲ್ಲಲಿಲ್ಲ. ಹೇಳಿ ಮುಗಿಸಿ ಸುಮ್ನೆ ಸ್ಕ್ರೀನ್ ನೋಡುತ್ತಾ ಕೂತರು. ಆ ಮುಖ ಇನ್ನೂ ನೆನಪಿದೆ.

ಇನ್ನು ಮೌನದ ವಿಷಯ. ಮೇರಿ ಬಡ್ ರೋ ಅನ್ನುವ ಅಮೆರಿಕದ ಶಿಕ್ಷಣ ಸಂಶೋಧಕಿಯೊಬ್ಬರು 1970ರ ದಶಕದಲ್ಲೇ ಇದನ್ನು ಅಳೆದು ನೋಡಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡ್ ಮಾಡಿದರೆ ಉತ್ತರಗಳು ಉದ್ದವಾದವು. ಅವರು ನೋಡಿದ್ದು ವಿಜ್ಞಾನದ ತರಗತಿಗಳನ್ನು. ಬೇರೆ ಭಾಷೆಯಲ್ಲಿ, ಅದೂ ಆನ್‌ಲೈನ್‌ನಲ್ಲಿ, ಇನ್ನೂ ಜಾಸ್ತಿ ಬೇಕು. ನಾನು ಮನಸ್ಸಿನಲ್ಲೇ ಹತ್ತರ ತನಕ ಎಣಿಸುತ್ತೇನೆ.

ಬಾಯಿಪಾಠ:
ಕನ್ನಡ ಬಳಸುವುದು ತಪ್ಪಲ್ಲ. ಏನು ಮಾಡಬೇಕು ಅನ್ನುವುದನ್ನು ಕನ್ನಡದಲ್ಲಿ ಹತ್ತು ಸೆಕೆಂಡಿನಲ್ಲಿ ಹೇಳಿ ಮುಗಿಸಿ. ಉಳಿದ ಹೊತ್ತೆಲ್ಲ ಅವರ ಇಂಗ್ಲಿಷಿಗೆ ಸಿಗುತ್ತದೆ.

ಆದರೆ ಉಚ್ಚಾರಣೆಯನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಡಬೇಡಿ. ದ್ರಾಕ್ಷಿಬಳ್ಳಿಗೂ 'ವೈನ್', ಕುಡಿಯುವುದಕ್ಕೂ 'ವೈನ್'. ನಮ್ಮ ಲಿಪಿಯಲ್ಲಿ ಎರಡೂ ಒಂದೇ, ಇಂಗ್ಲಿಷಿನಲ್ಲಿ ಬೇರೆ ಬೇರೆ ದನಿ. ಬಳ್ಳಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಇನ್ನೊಂದಕ್ಕೆ ಹಲ್ಲು ತಾಗಬಾರದು, ತುಟಿ ಗುಂಡಗಾಗಬೇಕು. ಕ್ಯಾಮೆರಾ ಹತ್ತಿರ ಹೋಗಿ ಬಾಯಿ ತೋರಿಸಿ. ಎದುರು ಕೂತು ಕಲಿಸುವಾಗ ಇಷ್ಟು ಹತ್ತಿರದಿಂದ ತೋರಿಸಲು ಆಗುವುದಿಲ್ಲ, ಅಲ್ವಾ? ಯೂಗ್ಲಿಷ್ ತಾಣದಲ್ಲಿ ಒಂದು ಪದ ಟೈಪ್ ಮಾಡಿದರೆ, ಬೇರೆ ಬೇರೆ ಜನ ಅದನ್ನು ಮಾತಿನ ನಡುವೆ ಹೇಳುವ ಯೂಟ್ಯೂಬ್ ತುಣುಕುಗಳು ಬರುತ್ತವೆ. ಅದನ್ನು ಕೇಳಿಸಿ.

ಚಿಕ್ಕವರ ಟೀಚರ್:
ನನಗೆ ಆ ಹುಡುಗಿಯದ್ದೇ ಯೋಚನೆ. ಅಮ್ಮನ ಮುಂದೆ ತಪ್ಪು ಮಾತಾಡಲು ಅವಳಿಗೆ ಹಿಂಜರಿಕೆ ಇರಬಹುದು. ಜೋಡಿ ಮಾಡುವಾಗ ಇಬ್ಬರನ್ನೂ ಬೇರೆ ಬೇರೆ ರೂಮಿಗೆ ಹಾಕಿ ನೋಡಿ. ಮಾತು ಬರುವ ಮೊದಲು ಅರ್ಥವಾಗುವುದು ಬರುತ್ತದೆ. ಹಾಗಾಗಿ ಕೆಲವು ದಿನ ಅವಳು ಕೇಳಿಸಿಕೊಂಡು ಚಿತ್ರ ಬಿಡಿಸಲಿ, ನೀಲಿ ವಸ್ತು ಹುಡುಕಿ ತರಲಿ. ಉತ್ತರ ಹೇಳಲೇಬೇಕು ಅನ್ನುವ ಒತ್ತಾಯ ಬೇಡ.

ಓದಲು ಸ್ಟೋರಿವೀವರ್ ಕೊಡಿ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ತಾಣ, ಉಚಿತ. ನಾಲ್ಕು ಮಟ್ಟದ ಕಥೆಗಳಿವೆ. ಎಷ್ಟೋ ಕಥೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸಿಗುತ್ತವೆ. ನೂರು ಪದದಲ್ಲಿ ಎರಡಕ್ಕಿಂತ ಜಾಸ್ತಿ ಗೊತ್ತಿಲ್ಲದ ಪದ ಬಂದರೆ ಒಂದು ಮಟ್ಟ ಕೆಳಗಿನದನ್ನು ಕೊಡಿ. ಒಬ್ಬಳೇ ಓದುವಾಗ ಕಥೆ ಸರಾಗವಾಗಿ ಸಾಗಬೇಕು.

ಸಂಜೆ ಟೀಚರ್:
ಮೇಷ್ಟ್ರೇ, ನಿನ್ನೆ ಡಿಕ್ಟೋಗ್ಲಾಸ್ ಮಾಡಿದೆ. ತಾಯಿ, ಮಗಳನ್ನು ಬೇರೆ ರೂಮಿಗೂ ಹಾಕಿದೆ. ಹುಡುಗಿ ತನಗಿಂತ ಎಷ್ಟೋ ದೊಡ್ಡವರಿಗೆ 'ನೋ, ನೋ, ವೆಂಟ್!' ಅಂತ ಹೇಳುತ್ತಿದ್ದಳು. ಆ ರೂಮಿನಲ್ಲಿ ನಾನು ಒಂದು ಮಾತೂ ಆಡಲಿಲ್ಲ. ಹತ್ತರ ತನಕ ಎಣಿಸುವುದು ಮಾತ್ರ ನಿಜಕ್ಕೂ ಕಷ್ಟ. ಆರಕ್ಕೇ ಬಾಯಿ ತೆರೆದುಬಿಡುತ್ತೇನೆ.

ಒಂದು ಸಂದೇಹ. ಮೂರು ಸಲ ಹೇಳಿಸುವಾಗ ತಪ್ಪುಗಳನ್ನು ಯಾವಾಗ ತಿದ್ದಲಿ?

ಹಳೇ ಮೇಷ್ಟ್ರು:
ಎಲ್ಲ ಮುಗಿದ ಮೇಲೆ. ಮೂರು ತಪ್ಪನ್ನು ಮಾತ್ರ ಆರಿಸಿ, ಯಾರದ್ದು ಅಂತ ಹೇಳದೆ ಸ್ಕ್ರೀನ್ ಮೇಲೆ ಹಾಕಿ. ಅವರೇ ತಿದ್ದಲಿ. ಆ ಹುಡುಗಿಗೆ ನನ್ನ ಶಹಬ್ಬಾಸ್ ಹೇಳಿ.