ಹೊಸ ಟೂರಿಂಗ್ ಬೈಕಿಗೆ ಮೊದಲು ಏನು ಹಾಕಿಸಬೇಕು? ಬೈಕ್ ಸವಾರರ ಗುಂಪಿನಲ್ಲಿ ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಅಣ್ಣ, ಹೊಸ ಟೂರಿಂಗ್ ಬೈಕ್ ತಗೊಂಡು ಹತ್ತು ದಿನ ಆಯಿತು. ಮೀಟರಿನಲ್ಲಿ ಇನ್ನೂ 140 ಕಿ.ಮೀ. ಮುಂದಿನ ತಿಂಗಳು ನಾನೂ ನನ್ನ ಹೆಂಡತಿಯೂ ಮೂರು ವಾರ ಸುತ್ತಲು ಹೊರಟಿದ್ದೇವೆ. ಒಟ್ಟು 6000 ಕಿ.ಮೀ. ಆಗಬಹುದು. ಅಲ್ಯೂಮಿನಿಯಂ ಬಾಕ್ಸ್ ಮೂರು, ಕ್ರ್ಯಾಶ್ ಗಾರ್ಡ್, ಎಂಜಿನ್ ಕೆಳಗಿನ ಪ್ಲೇಟ್, ಒಂದು ಜೊತೆ ಫಾಗ್ ಲೈಟ್, ಬಿಸಿಯಾಗುವ ಹಿಡಿ, ದೊಡ್ಡ ವಿಂಡ್‌ಸ್ಕ್ರೀನ್, ಫೋನ್ ಹೋಲ್ಡರ್, ಜೆಲ್ ಸೀಟ್. ಇಷ್ಟು ಪಟ್ಟಿ ಮಾಡಿದ್ದೇನೆ. ಯಾವುದು ಮೊದಲು ಹಾಕಿಸಲಿ?

ಮೆಕ್ಯಾನಿಕ್: ಯಾವುದನ್ನೂ ಹಾಕಿಸುವ ಮೊದಲು ಗಾಡಿಯ ಪುಸ್ತಕ ತೆಗೆಯಿರಿ. ಅದರಲ್ಲಿ ಎರಡು ಅಂಕಿ ಇರುತ್ತವೆ. ಒಂದು, ಪೆಟ್ರೋಲ್ ತುಂಬಿದ ಖಾಲಿ ಗಾಡಿಯ ತೂಕ. ಇನ್ನೊಂದು, ಗಾಡಿ ಒಟ್ಟು ಹೊರಬಹುದಾದ ಗರಿಷ್ಠ ತೂಕ. ಎರಡರ ವ್ಯತ್ಯಾಸವೇ ನಿಮಗೆ ಸಿಗೋದು. ಅದರಲ್ಲಿ ನೀವಿಬ್ಬರು, ಜಾಕೆಟ್, ಹೆಲ್ಮೆಟ್, ಲಗೇಜು, ಹಾಕಿಸಿದ ಕಬ್ಬಿಣ ಎಲ್ಲಾ ಸೇರಬೇಕು. ಆ ಅಂಕಿ, ನಿಮ್ಮಿಬ್ಬರ ತೂಕ ಇಲ್ಲಿ ಹಾಕಿ.

ಪ್ರಶ್ನೆ: ಗರಿಷ್ಠ 430 ಕೆ.ಜಿ. ಖಾಲಿ ಗಾಡಿ 235. ನಾನು 78, ಅವಳು 62.

ಮೆಕ್ಯಾನಿಕ್: ಸರಿ, ಲೆಕ್ಕ ಹಾಕೋಣ. 430ರಲ್ಲಿ 235 ಹೋದರೆ 195. ನೀವಿಬ್ಬರು 140. ಹೆಲ್ಮೆಟ್, ಜಾಕೆಟ್, ಬೂಟು ಇಬ್ಬರದೂ ಸೇರಿ 15 ಅಂದುಕೊಳ್ಳಿ. ಉಳಿದದ್ದು 40. ಈಗ ನಿಮ್ಮ ಪಟ್ಟಿ. ಕ್ರ್ಯಾಶ್ ಗಾರ್ಡ್ 7, ಬಾಕ್ಸ್ ಕೂರಿಸುವ ರ‍್ಯಾಕ್ 6, ಖಾಲಿ ಬಾಕ್ಸ್ ಮೂರು ಸೇರಿ 14, ಕೆಳಗಿನ ಪ್ಲೇಟ್ 4. ಒಟ್ಟು 31. ಮೂರು ವಾರದ ಬಟ್ಟೆ, ಪಾನಾ, ನೀರು ಎಲ್ಲದಕ್ಕೂ ಸೇರಿ ನಿಮಗೆ ಉಳಿದದ್ದು 9 ಕೆ.ಜಿ. ಸಾಮಾನು ಇಡೋಕೆ ಬಾಕ್ಸ್ ತಗೊಂಡು, ಬಾಕ್ಸೇ ಸಾಮಾನಿನ ಜಾಗ ತಿಂದುಬಿಟ್ಟಿತು, ಅಲ್ವಾ?

ನಾನಾದರೆ ಹೀಗೆ ಮಾಡುತ್ತೇನೆ. ಕ್ರ್ಯಾಶ್ ಗಾರ್ಡ್ ಇರಲಿ. ತುಂಬಿದ ಗಾಡಿ ನಿಂತ ಜಾಗದಲ್ಲೇ ಒಂದಲ್ಲ ಒಂದು ದಿನ ವಾಲಿ ಬಿದ್ದೇ ಬೀಳುತ್ತದೆ. ಆಗ ಎಂಜಿನ್ ಕವರ್ ಒಡೆದರೆ ಪ್ರವಾಸ ಅಲ್ಲಿಗೆ ಮುಗಿಯಿತು. ಕೆಳಗಿನ ಪ್ಲೇಟ್ ಕಲ್ಲುದಾರಿಗೆ ಬೇಕು, ಡಾಂಬರು ರಸ್ತೆಗೆ ಬೇಡ. ಅಲ್ಯೂಮಿನಿಯಂ ಬಾಕ್ಸ್ ಬದಲು ಬಟ್ಟೆಯ ಸೈಡ್ ಬ್ಯಾಗ್ ಹಾಕಿ. ಹಗುರವಾದ ಬೆಂಬಲದ ಕಂಬಿ ಸೇರಿಸಿದರೂ 6 ಕೆ.ಜಿ. ಒಳಗೆ ಮುಗಿಯುತ್ತದೆ. ಬೀಗ ಹಾಕೋಕೆ ಆಗಲ್ಲ, ಅದೊಂದು ಕೊರತೆ. ಆದರೆ ಗಾಡಿ ಬಿದ್ದಾಗ ಗಟ್ಟಿ ಬಾಕ್ಸಿನ ಅಡಿಗೆ ಕಾಲು ಸಿಕ್ಕಿಕೊಂಡರೆ ಮೂಳೆ ಮುರಿಯುತ್ತದೆ. ಬಟ್ಟೆ ಬ್ಯಾಗು ಅಷ್ಟು ಕೆಟ್ಟದ್ದಲ್ಲ.

ಇನ್ನೊಬ್ಬ ಸದಸ್ಯರು: ನಾನು ಎಲ್ಲವನ್ನೂ ಟಾಪ್ ಬಾಕ್ಸಿಗೇ ತುಂಬುತ್ತೇನೆ, ಇವತ್ತಿನವರೆಗೆ ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ ಸರ್.

ಮೆಕ್ಯಾನಿಕ್: ನಿಮ್ಮ ಟಾಪ್ ಬಾಕ್ಸಿನ ಮುಚ್ಚಳ ತೆಗೆದು ಒಳಗಿನ ಸ್ಟಿಕ್ಕರ್ ಓದಿ. ಬಹಳಷ್ಟರಲ್ಲಿ 5 ಕೆ.ಜಿ. ಅಂತಲೋ, ಅದಕ್ಕಿಂತ ಸ್ವಲ್ಪ ಹೆಚ್ಚೋ ಬರೆದಿರುತ್ತದೆ. ಜಾಗ ಇದೆ ಅಂದ ಮಾತ್ರಕ್ಕೆ ಅಷ್ಟು ತುಂಬಬಹುದು ಅಂತಲ್ಲ. ಆ ಬಾಕ್ಸ್ ಹಿಂದಿನ ಚಕ್ರದ ಆಕ್ಸಲ್‌ಗಿಂತ ಹಿಂದೆ, ಎತ್ತರದಲ್ಲಿ ಕೂತಿದೆ. ಅಲ್ಲಿ ಇಟ್ಟ ಪ್ರತಿ ಕೆ.ಜಿ.ಯೂ ಮುಂದಿನ ಚಕ್ರವನ್ನು ಮೇಲಕ್ಕೆ ಎತ್ತುತ್ತದೆ. ಊರೊಳಗೆ ಗೊತ್ತಾಗಲ್ಲ. ಹೆದ್ದಾರಿಯಲ್ಲಿ ಲಾರಿ ಪಕ್ಕ ದಾಟುವಾಗ ಹ್ಯಾಂಡಲ್ ಮೆಲ್ಲಗೆ ಎಡ ಬಲ ಅಲ್ಲಾಡುವುದಕ್ಕೆ ಶುರುವಾಗುತ್ತದೆ ನೋಡಿ, ಆಗ ಗೊತ್ತಾಗುತ್ತದೆ. ಟಾಪ್ ಬಾಕ್ಸಿನಲ್ಲಿ ಮಳೆ ಕೋಟು, ಕೈಗವಸು, ಹಗುರ ಜಾಕೆಟ್ ಇಡಿ. ಪಾನಾ, ನೀರು, ಚೈನ್ ಬೀಗ ಎಲ್ಲಾ ಸೈಡ್ ಬ್ಯಾಗಿನ ತಳದಲ್ಲಿ, ಆದಷ್ಟು ಮುಂದಕ್ಕೆ. ಎರಡೂ ಬದಿ ತೂಕ ಸಮ ಇರಲಿ. ಮನೆಯಲ್ಲಿ ತೂಕದ ಯಂತ್ರದ ಮೇಲೆ ಇಟ್ಟು ನೋಡಿ, ಅಂದಾಜು ಬೇಡ.

ಪ್ರಶ್ನೆ: ಸರ್, ಇಷ್ಟು ತೂಕಕ್ಕೆ ಹಿಂದಿನ ಶಾಕ್ ಅಬ್ಸಾರ್ಬರ್ ಬದಲಾಯಿಸಬೇಕಾ?

ಮೆಕ್ಯಾನಿಕ್: ಮೊದಲು ಇರುವುದನ್ನು ಸರಿಯಾಗಿ ತಿರುಗಿಸಿ ನೋಡಿ. ಶೋರೂಮಿನಿಂದ ಬಂದ ಗಾಡಿ ಸಾಮಾನ್ಯವಾಗಿ ಒಬ್ಬನೇ ಸವಾರನ ತೂಕಕ್ಕೆ ಸೆಟ್ ಆಗಿರುತ್ತದೆ. ಇಬ್ಬರು ಕೂತು ಲಗೇಜು ಕಟ್ಟಿದರೆ ಹಿಂಭಾಗ ಕುಸಿಯುತ್ತದೆ.

ಅಳೆಯೋದು ಸುಲಭ. ಟೇಪ್ ಒಂದು, ಜನ ಇಬ್ಬರು ಮೂವರು ಬೇಕು. ಹಿಂದಿನ ಚಕ್ರ ನೆಲ ಬಿಡುವಷ್ಟು ಗಾಡಿ ಎತ್ತಿ. ಆಕ್ಸಲ್‌ನಿಂದ ನೇರ ಮೇಲೆ ಸೀಟಿನ ಕೆಳಗೆ ಒಂದು ಗುರುತು ಮಾಡಿ, ದೂರ ಅಳೆಯಿರಿ. 600 ಮಿ.ಮೀ. ಬಂತು ಅನ್ನಿ. ಆಮೇಲೆ ಲಗೇಜು ಕಟ್ಟಿ, ನೀವಿಬ್ಬರೂ ಪೂರ್ತಿ ಜಾಕೆಟ್ ಬೂಟು ಹಾಕಿಕೊಂಡು ಕೂತು, ಅದೇ ದೂರ ಮತ್ತೆ ಅಳೆಸಿ. 522 ಬಂತು ಅಂದರೆ 78 ಮಿ.ಮೀ. ಕುಸಿದಿದೆ. ಹಿಂದಿನ ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ಓಡಾಟ ಎಷ್ಟು ಅಂತ ಪುಸ್ತಕದಲ್ಲಿದೆ. ಅದರ ಮೂರನೇ ಒಂದು ಭಾಗದಷ್ಟು ಕುಸಿದರೆ ಸರಿ. 170 ಮಿ.ಮೀ. ಓಡಾಟ ಇರುವ ಗಾಡಿಗೆ 55ರ ಆಸುಪಾಸು. 78 ಜಾಸ್ತಿ ಆಯಿತು. ಪ್ರಿಲೋಡ್, ಅಂದರೆ ಶಾಕಿನ ಸ್ಪ್ರಿಂಗನ್ನು ಮೊದಲೇ ಒತ್ತಿಡುವ ತಿರುಪು, ಅದನ್ನು ಬಿಗಿ ಮಾಡುತ್ತಾ ಮತ್ತೆ ಮತ್ತೆ ಅಳೆಯಿರಿ. ಕೊನೆಯವರೆಗೆ ತಿರುಗಿಸಿದರೂ ಬರಲಿಲ್ಲ ಅಂದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೃದು ಅಂತ ಅರ್ಥ. ಆಗ ಗಟ್ಟಿ ಸ್ಪ್ರಿಂಗ್ ಹಾಕಿಸುವ ಮಾತು.

ಇದಾದ ಮೇಲೆ ಎರಡು ಕೆಲಸ. ಹೆಡ್‌ಲೈಟ್ ಎತ್ತರ ನೋಡಿ. ಹಿಂಭಾಗ ಕುಸಿದರೆ ಬೆಳಕು ರಸ್ತೆ ಬಿಟ್ಟು ಮರದ ತುದಿ ಹುಡುಕುತ್ತದೆ, ಎದುರು ಬರುವವರೆಲ್ಲಾ ಡಿಪ್ ಡಿಮ್ ಮಾಡಿ ಬೈಯುತ್ತಾರೆ. ಎರಡನೆಯದು ಚೈನ್. ತೂಕ ಬಿದ್ದಾಗ ಹಿಂದಿನ ಚಕ್ರ ಹಿಡಿದಿರುವ ತೋಳು, ಅಂದರೆ ಸ್ವಿಂಗ್‌ಆರ್ಮ್ ಮೇಲೇಳುತ್ತದೆ. ಮುಂದಿನ ಸ್ಪ್ರಾಕೆಟ್ (ಚೈನ್ ಓಡುವ ಹಲ್ಲಿನ ಚಕ್ರ), ಸ್ವಿಂಗ್‌ಆರ್ಮಿನ ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಖಾಲಿ ಗಾಡಿಯಲ್ಲಿ ಬಿಗಿಯಾಗಿಟ್ಟ ಚೈನ್ ಆಗ ಗೇರ್‌ಬಾಕ್ಸಿನ ಬೇರಿಂಗನ್ನೇ ಎಳೆಯುತ್ತದೆ. ಎಷ್ಟು ಸಡಿಲ ಇರಬೇಕು ಅಂತ ಬಹಳ ಗಾಡಿಗಳಲ್ಲಿ ಸ್ವಿಂಗ್‌ಆರ್ಮ್ ಮೇಲೇ ಸ್ಟಿಕ್ಕರ್ ಅಂಟಿಸಿರುತ್ತಾರೆ. ಬಿಗಿಗಿಂತ ಒಂದೆರಡು ಮಿ.ಮೀ. ಸಡಿಲವೇ ವಾಸಿ.

ಟೈರಿನ ಗಾಳಿಯೂ ಹಾಗೇ. ಇಬ್ಬರಿಗೆ, ಲಗೇಜಿಗೆ ಬೇರೆ ಅಂಕಿ ಕೊಟ್ಟಿರುತ್ತಾರೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿ. ಮಧ್ಯಾಹ್ನ ಬಿಸಿ ಟೈರಿನಲ್ಲಿ ಅಂಕಿ ಏರಿರುತ್ತದೆ, ಅದನ್ನು ನೋಡಿ ಗಾಳಿ ಬಿಡಬೇಡಿ.

ಹಿಂದೆ ಕೂರುವ ಸದಸ್ಯೆ: ಓಡಿಸುವವರದ್ದೇ ಆಯಿತು. ಹಿಂದೆ ಕೂರುವವರ ಗತಿ ಏನು ಸರ್? ದೊಡ್ಡ ವಿಂಡ್‌ಸ್ಕ್ರೀನ್ ಹಾಕಿಸಿದ ಮೇಲೆ ನನ್ನ ಹೆಲ್ಮೆಟ್ ಗಡಗಡ ಅಲ್ಲಾಡುತ್ತದೆ. ಮುಂಚೆ ಹೀಗಿರಲಿಲ್ಲ.

ಮೆಕ್ಯಾನಿಕ್: ಮೇಡಂ, ಒಳ್ಳೆ ಪ್ರಶ್ನೆ. ಸ್ಕ್ರೀನಿನ ಅಂಚು ದಾಟಿದ ಗಾಳಿ ಸುಳಿ ಸುತ್ತುತ್ತದೆ. ಮುಂದಿನವರ ತಲೆ ಉಳಿಯಿತು, ಸುಳಿ ನಿಮ್ಮ ತಲೆಗೆ ಬಂತು. ದೊಡ್ಡದಾದಷ್ಟೂ ಒಳ್ಳೆಯದು ಅನ್ನೋದು ತಪ್ಪು. ಓಡಿಸುವವರು ಸ್ಕ್ರೀನಿನ ಮೇಲಿಂದ ನೋಡುವಂತಿರಬೇಕು, ಅದರ ಮೂಲಕ ಅಲ್ಲ. ಮಳೆಯಲ್ಲಿ, ಹುಳ ಅಂಟಿದಾಗ ಗೊತ್ತಾಗುತ್ತದೆ ಯಾಕೆ ಅಂತ. ಮೊದಲು ಸ್ಕ್ರೀನನ್ನು ಒಂದು ತೂತು ಕೆಳಗಿಳಿಸಿ, ಕೋನ ಬದಲಿಸಿ 20 ಕಿ.ಮೀ. ಹೋಗಿ ಬನ್ನಿ. ಕೆಲವೊಮ್ಮೆ ಸ್ಕ್ರೀನ್ ಪೂರ್ತಿ ಬಿಚ್ಚಿದರೆ ಗಾಳಿ ಜಾಸ್ತಿ, ಆದರೆ ಗದ್ದಲ ಕಡಿಮೆ. ಇಬ್ಬರೂ ಕಿವಿಗೆ ಇಯರ್‌ಪ್ಲಗ್ ಹಾಕಿ. ಸಂಜೆ ಆಗುವ ಸುಸ್ತಿನಲ್ಲಿ ಗಾಳಿಯ ಸದ್ದಿನ ಪಾಲು ದೊಡ್ಡದು.

ಸೀಟಿನ ವಿಚಾರ: ಅಂಗಡಿಯಲ್ಲಿ ಒತ್ತಿ ನೋಡಿ ಮೆತ್ತಗಿದೆ ಅಂತ ಜೆಲ್ ಸೀಟ್ ಕೊಳ್ಳಬೇಡಿ. ಮೆತ್ತನೆಯದು ಎರಡು ಗಂಟೆಗೆ ಚಪ್ಪಟೆ ಆಗಿ ಕೆಳಗಿನ ತಟ್ಟೆ ಚುಚ್ಚುತ್ತದೆ. ಸ್ವಲ್ಪ ಗಟ್ಟಿ, ಅಗಲ ಇರುವ ಸೀಟೇ ದೂರಕ್ಕೆ ಆಗುವುದು. ಹೊಸ ಗಾಡಿಯ ಸೀಟಿನಲ್ಲಿ ಮೊದಲು 300 ಕಿ.ಮೀ. ಕೂತು ನೋಡಿ, ಆಮೇಲೆ ದುಡ್ಡು ಖರ್ಚು ಮಾಡಿ.

ಪ್ರಶ್ನೆ: ಲೈಟ್, ಬಿಸಿ ಹಿಡಿ, ಚಾರ್ಜರ್ ಎಲ್ಲಾ ಹಾಕಿದರೆ ಬ್ಯಾಟರಿ ತಡೆಯುತ್ತದಾ?

ಮೆಕ್ಯಾನಿಕ್: ಬ್ಯಾಟರಿ ಅಲ್ಲ, ಕಾಯಿಲ್ ಎಷ್ಟು ಕರೆಂಟ್ ಹುಟ್ಟಿಸುತ್ತದೆ ಅನ್ನೋದು ಲೆಕ್ಕ. ಉದಾಹರಣೆಗೆ ಅದು 400 ವ್ಯಾಟ್ ಕೊಡುತ್ತದೆ, ಅದರಲ್ಲಿ 250 ಗಾಡಿಗೇ ಬೇಕು ಅನ್ನಿ. ಪೆಟ್ರೋಲ್ ಪಂಪ್, ಇಂಜೆಕ್ಷನ್, ಫ್ಯಾನ್, ಹೆಡ್‌ಲೈಟ್ ಎಲ್ಲಾ ಸೇರಿ. ಉಳಿದದ್ದು 150. ಎಲ್‌ಇಡಿ ಲೈಟ್ ಒಂದು ಜೊತೆಗೆ 40, ಬಿಸಿ ಹಿಡಿ 35, ಚಾರ್ಜರ್ 20. ಒಟ್ಟು 95, ನಡೆಯುತ್ತದೆ. ಬಿಸಿ ಜಾಕೆಟ್ ಎರಡು ಸೇರಿಸಿದರೆ ನಡೆಯಲ್ಲ. ಗಾಡಿ ನಿಂತು ಎಂಜಿನ್ ಮೆಲ್ಲಗೆ ಓಡುವಾಗ ಕರೆಂಟ್ ಇನ್ನೂ ಕಡಿಮೆ ಹುಟ್ಟುತ್ತದೆ, ಟ್ರಾಫಿಕ್ಕಿನಲ್ಲಿ ಎಲ್ಲಾ ಆಫ್ ಮಾಡಿ.

ವೈರಿಂಗ್ ಮಾಡಿಸುವಾಗ ಪಕ್ಕದಲ್ಲೇ ನಿಂತು ನೋಡಿ. ಹೆಡ್‌ಲೈಟ್ ವೈರನ್ನು ಸುಲಿದು ಅದಕ್ಕೇ ಸುತ್ತಿದರೆ ಬೇಡ ಅನ್ನಿ. ಕರೆಂಟ್ ನೇರ ಬ್ಯಾಟರಿಯಿಂದ ಬರಲಿ, ಮಧ್ಯೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಇರಲಿ, ಕೀ ಆನ್ ಆದಾಗ ಮಾತ್ರ ರಿಲೇ ಏಳಲಿ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಫ್ಯೂಸಿಗಿಂತ ಮುಂಚೆ ವೈರ್ ಎಲ್ಲಾದರೂ ತಗುಲಿದರೆ ಕಾಪಾಡೋಕೆ ಏನೂ ಇಲ್ಲ. 40 ವ್ಯಾಟ್ ಲೈಟಿಗೆ ಮೂರೂವರೆ ಆಂಪಿಯರ್‌ಗಿಂತ ಕಡಿಮೆ ಸಾಕು, 5ರ ಫ್ಯೂಸ್ ಹಾಕಿ. 20 ಹಾಕಿದರೆ ಫ್ಯೂಸ್ ಉಳಿದು ವೈರ್ ಸುಡುತ್ತದೆ.

ಒಂದು ಗಾಡಿ ಬಂದಿತ್ತು ನನ್ನ ಹತ್ತಿರ. ಎಡಕ್ಕೆ ತಿರುಗಿಸಿದರೆ ಎಂಜಿನ್ ಆಫ್, ನೇರ ಮಾಡಿದರೆ ಸರಿ. ಮೂರು ಕಡೆ ತೋರಿಸಿದ್ದರಂತೆ, ಯಾರಿಗೂ ಸಿಕ್ಕಿರಲಿಲ್ಲ. ನಾನು ಟ್ಯಾಂಕ್ ಎತ್ತಿ ನೋಡಿದರೆ, ಫಾಗ್ ಲೈಟಿಗೆ ಎಳೆದ ಹೊಸ ವೈರು ಮೂಲ ವೈರಿನ ಕಟ್ಟನ್ನು ಒತ್ತಿ ಹಿಡಿದಿತ್ತು. ಹ್ಯಾಂಡಲ್ ತಿರುಗಿದಾಗಲೆಲ್ಲಾ ಅದು ಕಬ್ಬಿಣಕ್ಕೆ ಉಜ್ಜಿ, ಪ್ಲಾಸ್ಟಿಕ್ ಸವೆದು, ಬೆರಳುಗುರಿನಷ್ಟು ತಾಮ್ರ ಹೊಳೆಯುತ್ತಿತ್ತು. ಹಾಗಾಗಿ ಏನೇ ಹಾಕಿಸಿದರೂ ಹ್ಯಾಂಡಲನ್ನು ಎರಡೂ ಕೊನೆಯವರೆಗೆ ತಿರುಗಿಸಿ. ವೈರ್ ಬಿಗಿಯಬಾರದು, ಎಲ್ಲೂ ಸಿಕ್ಕಿಕೊಳ್ಳಬಾರದು. ಟ್ಯಾಂಕ್ ಬ್ಯಾಗ್ ಇಟ್ಟೂ ಇದನ್ನೇ ಮಾಡಿ, ಬ್ಯಾಗು ಹಾರ್ನ್ ಒತ್ತುವುದೂ ಉಂಟು.

ಫೋನ್ ಹೋಲ್ಡರ್ ಬಗ್ಗೆ ಒಂದೇ ಮಾತು. ನಡುಕ ತಡೆಯುವ ರಬ್ಬರ್ ಇರುವುದನ್ನೇ ತಗೊಳ್ಳಿ. ಬೈಕಿನ ನಡುಕಕ್ಕೆ ಐಫೋನಿನ ಕ್ಯಾಮೆರಾ ಹಾಳಾಗಬಹುದು ಅಂತ 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿತ್ತು.

ಪ್ರಶ್ನೆ: ಪಾನಾ ಸೆಟ್ ಯಾವುದು ತಗೊಳ್ಳಲಿ? ಪಂಕ್ಚರ್ ಆದರೆ?

ಮೆಕ್ಯಾನಿಕ್: ಸೆಟ್ ತಗೊಳ್ಳಬೇಡಿ. ಮನೆಯಲ್ಲಿ ಒಂದು ಭಾನುವಾರ ಕೂತು ಹಿಂದಿನ ಚಕ್ರ ಬಿಚ್ಚಿ, ಮತ್ತೆ ಹಾಕಿ. ಸೀಟ್ ತೆಗೆಯಿರಿ, ಬ್ಯಾಟರಿ ಬಿಚ್ಚಿ, ಚೈನ್ ಎಳೆಯಿರಿ. ಆ ಕೆಲಸಕ್ಕೆ ಕೈಗೆ ಬಂದ ಪಾನಾಗಳಷ್ಟೇ ಬ್ಯಾಗಿಗೆ. ಆಕ್ಸಲ್ ನಟ್ ಗಾತ್ರ ದೊಡ್ಡದು, ಗಾಡಿ ಜೊತೆ ಕೊಟ್ಟ ಗೇಣುದ್ದದ ಪಾನಾದಲ್ಲಿ ಬಹಳ ಸಲ ಜಗ್ಗಲ್ಲ. ಅದು ರಸ್ತೆ ಪಕ್ಕ ಗೊತ್ತಾಗುವ ಬದಲು ಮನೆಯಲ್ಲೇ ಗೊತ್ತಾಗಲಿ.

ಪಂಕ್ಚರ್: ನಿಮ್ಮದು ಟ್ಯೂಬ್ ಇರುವ ಚಕ್ರವೋ ಟ್ಯೂಬ್‌ಲೆಸ್ಸೋ, ಮೊದಲು ಅದನ್ನು ಖಚಿತ ಮಾಡಿಕೊಳ್ಳಿ. ಸ್ಪೋಕ್ ಚಕ್ರ ಅಂದರೆ ಸಾಮಾನ್ಯವಾಗಿ ಟ್ಯೂಬ್, ಆದರೆ ಟ್ಯೂಬ್‌ಲೆಸ್ ಸ್ಪೋಕ್ ಚಕ್ರವೂ ಉಂಟು. ಟ್ಯೂಬ್ ಇದ್ದರೆ ಎರಡು ಟ್ಯೂಬು, ಟೈರ್ ಬಿಚ್ಚುವ ಲಿವರು ಬೇಕು. ಟ್ಯೂಬ್‌ಲೆಸ್ ಆದರೆ ತೂತಿಗೆ ರಬ್ಬರ್ ಬತ್ತಿ ಚುಚ್ಚುವ ಕಿಟ್, ಪುಟ್ಟ ಏರ್ ಪಂಪ್ ಸಾಕು. ಬತ್ತಿ ಟೈರಿನ ನಡುಭಾಗಕ್ಕೆ ಮಾತ್ರ, ಪಕ್ಕದ ಗೋಡೆ ಹರಿದರೆ ಟೈರೇ ಹೋಯಿತು. ಹಳೇ ಟೈರೊಂದಕ್ಕೆ ಮೊಳೆ ಹೊಡೆದು ಒಮ್ಮೆ ಕೈ ಪಳಗಿಸಿಕೊಳ್ಳಿ. ಬತ್ತಿ ಒಳಗೆ ತಳ್ಳೋಕೆ ಎಷ್ಟು ಬಲ ಬೇಕು ಅಂತ ಮಾಡಿದವರಿಗೇ ಗೊತ್ತು.

ಪ್ರಶ್ನೆ: ಮೊದಲ ಸರ್ವಿಸ್ ಪ್ರವಾಸ ಮುಗಿಸಿ ಬಂದು ಮಾಡಿಸಬಹುದಾ?

ಮೆಕ್ಯಾನಿಕ್: ಖಂಡಿತ ಬೇಡ. ಹೊಸ ಎಂಜಿನ್ನಿನ ಭಾಗಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವಾಗ ಉದುರಿದ ಲೋಹದ ಪುಡಿ ಮೊದಲ ಆಯಿಲ್‌ನಲ್ಲಿ ಇರುತ್ತದೆ. ಸಾಮಾನ್ಯವಾಗಿ 500ರಿಂದ 1000 ಕಿ.ಮೀ. ಒಳಗೆ ಅದು ಫಿಲ್ಟರ್ ಸಮೇತ ಹೋಗಬೇಕು. ಅಲ್ಲಿಯವರೆಗೆ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ, ಇಬ್ಬರ ತೂಕ ಹಾಕಿ ಏರು ಎಳೆಸಬೇಡಿ. ನಿಮಗೆ ಒಂದು ತಿಂಗಳಿದೆ, ದಿನಾ ಸ್ವಲ್ಪ ಓಡಿಸಿ. ಮತ್ತೆ, ಎಲ್ಲಾ ಸಾಮಾನನ್ನೂ ಒಂದೇ ದಿನ ಹಾಕಿಸಬೇಡಿ. ಒಂದೊಂದಾಗಿ ಹಾಕಿಸಿದರೆ, ಏನಾದರೂ ಸದ್ದು ಬಂದರೆ ಯಾವುದರಿಂದ ಅಂತ ತಿಳಿಯುತ್ತದೆ. ಬೋಲ್ಟುಗಳು ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಥ್ರೆಡ್‌ಲಾಕ್ ಹಾಕಿ. ಕೆಂಪು ಬೇಡ, ಅದನ್ನು ಬಿಚ್ಚೋಕೆ ಬೆಂಕಿ ತೋರಿಸಬೇಕಾಗುತ್ತದೆ.

ಪ್ರಶ್ನೆ (ಮೂರು ವಾರದ ನಂತರ): ಅಣ್ಣ, ಸರ್ವಿಸ್ ಆಯಿತು. ಬಟ್ಟೆ ಬ್ಯಾಗೇ ಹಾಕಿದೆ. ನಿನ್ನೆ ಪೂರ್ತಿ ಲಗೇಜು ಕಟ್ಟಿ, ಇಬ್ಬರೂ ಕೂತು 180 ಕಿ.ಮೀ. ಹೋಗಿ ಬಂದೆವು. ಮೂರು ವಿಷಯ ಸಿಕ್ಕಿತು. ಬಲಗಡೆ ಬ್ಯಾಗಿನ ಕೆಳಗೆ ಸೈಲೆನ್ಸರ್ ಬಿಸಿಗೆ ಕಡಲೆಕಾಳಿನಷ್ಟು ತೂತು. ಕ್ರ್ಯಾಶ್ ಗಾರ್ಡಿನ ಕೆಳಗಿನ ಬೋಲ್ಟ್ ಕಾಲು ಸುತ್ತು ಸಡಿಲ. ಒಂದು ಪಟ್ಟಿಯ ತುದಿ ಬಿಚ್ಚಿಕೊಂಡು ಚಕ್ರದ ಹತ್ತಿರ ನೇತಾಡುತ್ತಿತ್ತು, ಹಿಂದೆ ಕೂತವಳೇ ನೋಡಿ ಹೇಳಿದಳು.

ಮೆಕ್ಯಾನಿಕ್: ಮೂರೂ ಮನೆ ಹತ್ತಿರವೇ ಸಿಕ್ಕವು, ಒಳ್ಳೆಯದೇ ಆಯಿತು. ಬ್ಯಾಗನ್ನು ಮೇಲೆತ್ತಿ ಕಟ್ಟಿ, ಸೈಲೆನ್ಸರಿಗೂ ಅದಕ್ಕೂ ನಾಲ್ಕು ಬೆರಳು ಜಾಗ ಇರಲಿ, ಮಧ್ಯೆ ತಗಡಿನ ತಡೆ ಹಾಕಿಸಿ. ಗುಂಡಿಗೆ ಇಳಿದಾಗ ಬ್ಯಾಗು ಕುಣಿಯುತ್ತದೆ, ನಿಂತಾಗ ಇರುವ ಅಂತರ ನಂಬಬೇಡಿ. ಬೋಲ್ಟ್ ಬಿಗಿ ಮಾಡಿದ ಮೇಲೆ ಬೋಲ್ಟಿನಿಂದ ಕಂಬಿಗೆ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಬೆಳಿಗ್ಗೆ ಟೀ ಕುಡಿಯುತ್ತಾ ಒಂದು ಸುತ್ತು ಹಾಕಿದರೆ ಸಾಕು, ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ. ಪಟ್ಟಿಯ ಉಳಿದ ತುದಿಗಳನ್ನೆಲ್ಲಾ ಸುತ್ತಿ ಜಿಪ್ ಟೈ ಹಾಕಿ. ಹಿಂದಿನ ಸ್ಪ್ರಾಕೆಟ್ ಒಮ್ಮೆ ಪಟ್ಟಿ ಹಿಡಿದರೆ ಚಕ್ರ ಅಲ್ಲೇ ನಿಲ್ಲುತ್ತದೆ.

ಪ್ರಶ್ನೆ: ಎಲ್ಲಾ ತುಂಬಿದ ಮೇಲೂ ತೂಕದ ಲೆಕ್ಕದಲ್ಲಿ ಇನ್ನೂ 11 ಕೆ.ಜಿ. ಉಳಿದಿದೆ. ಫಾಗ್ ಲೈಟ್ ಹಾಕಿಸಲಾ?

ಮೆಕ್ಯಾನಿಕ್: ರಾತ್ರಿ ಓಡಿಸುತ್ತೀರಾ?

ಪ್ರಶ್ನೆ: ಇಲ್ಲ, ಕತ್ತಲಾಗುವುದರೊಳಗೆ ನಿಲ್ಲಿಸುತ್ತೇವೆ.

ಮೆಕ್ಯಾನಿಕ್: ಹಾಗಾದರೆ ಬಿಡಿ. ಏರ್ ಪಂಪ್ ಕೊಂಡಿದ್ದೀರಲ್ಲಾ, ಅದನ್ನು ಗಾಡಿಯ ಸಾಕೆಟ್ಟಿಗೆ ಚುಚ್ಚಿ ಇವತ್ತೇ ಐದು ನಿಮಿಷ ಓಡಿಸಿ ನೋಡಿ. ಬಹಳ ಗಾಡಿಗಳಲ್ಲಿ ಆ ಸಾಕೆಟ್ಟಿನ ಫ್ಯೂಸ್ ಪಂಪಿನ ಕರೆಂಟ್ ತಡೆಯಲ್ಲ, ಟಪ್ ಅಂತ ಹೋಗುತ್ತದೆ. ಹೋದರೆ ಬ್ಯಾಟರಿಯಿಂದ ನೇರ ಒಂದು ವೈರ್, ಮಧ್ಯೆ ಫ್ಯೂಸ್ ಹಾಕಿಸಿ, ತುದಿಯನ್ನು ಸೀಟಿನ ಕೆಳಗೆ ಮಡಚಿಡಿ.